ಪಟ್ಟಿ ಎತ್ತಿ ಕಟ್ಟಿದ್ದಾಯಿತು, ಕೀಲಿಕೈ ಯಾರ ಹತ್ತಿರ?

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ಬಂದವರು ಅಲ್ಲಿ ಕಂಡಿದ್ದನ್ನು ಬರೆದು ಕಳಿಸಿ, ಏನಾದರೂ ಕೇಳುವುದಿದ್ದರೆ ಕೇಳಿ ಅಂತ ಹೋದ ತಿಂಗಳು ಹೇಳಿದ್ದೆ. ಪತ್ರ ಜಾಸ್ತಿಯೇ ಬಂದವು. ವೀಸಾದ ಗೋಳು, ಚಳಿಯ ಗೋಳು, ರೊಟ್ಟಿಗೆ ಜೋಳದ ಹಿಟ್ಟು ಸಿಗದ ಗೋಳು, ಇವನ್ನೆಲ್ಲ ಪಕ್ಕಕ್ಕಿಟ್ಟು ಅಲ್ಲಿಯ ಊರು, ಕಲೆ, ಜನ ಹೇಗೆ ಸೇರುತ್ತಾರೆ ಅಂತ ಕೇಳಿದವರಿಗೆ ಈ ಸಲ ಉತ್ತರ.

ಪ್ರಶ್ನೆ: ಮಗಳ ಮನೆಗೆ ಓಹಾಯೋಕ್ಕೆ ಹೋಗಿ ಐದು ತಿಂಗಳು ಇದ್ದು ಬಂದೆ. ಊರು ನಮ್ಮ ಜೇವರ್ಗಿಯಷ್ಟೂ ಇಲ್ಲ. ಆದರೆ ಅಲ್ಲಿಯ ಗ್ರಂಥಾಲಯ ನೋಡಿ ದಂಗಾದೆ. ಮೊಮ್ಮಗ ಪುಸ್ತಕದ ಜೊತೆ ಕೇಕ್ ಮಾಡುವ ಅಚ್ಚನ್ನೂ ಎರವಲು ತಂದ! ಸಂಜೆ ಅಲ್ಲೇ ಹಾಡು, ಕಥೆ. ಒಂದು ಪೈಸೆ ತಗೊಳ್ಳಲಿಲ್ಲ. ಇದಕ್ಕೆಲ್ಲ ದುಡ್ಡು ಯಾರು ಕೊಡ್ತಾರೆ?
— ಗೃಹಿಣಿ, ಕಲಬುರಗಿ

ಉತ್ತರ: ನಿಮ್ಮ ಮಗಳೇ ಕೊಡ್ತಾರೆ, ಅಕ್ಕಾ. ಅಲ್ಲಿಯ ಗ್ರಂಥಾಲಯಗಳ ಹಣದ ದೊಡ್ಡ ಪಾಲು ಊರಿನವರ ತೆರಿಗೆಯಿಂದ ಬರುತ್ತದೆ. ಓಹಾಯೋದಲ್ಲಿ ರಾಜ್ಯವೂ ಕೊಡುತ್ತದೆ. ಅದು ಸಾಲದಿದ್ದರೆ ಗ್ರಂಥಾಲಯಕ್ಕೆ ಅಂತಲೇ ಮನೆ ತೆರಿಗೆಯ ಮೇಲೆ ಇಷ್ಟು ಹಾಕಲೇ ಅಂತ ಜನರನ್ನೇ ಕೇಳುತ್ತಾರೆ, ಮತ ಹಾಕಿಸುತ್ತಾರೆ. ಬೇಡ ಅಂದರೆ ಇಲ್ಲ. ಜನರ ತೆರಿಗೆಯಿಂದ ಎಲ್ಲರಿಗೂ ಪುಕ್ಕಟೆ ಗ್ರಂಥಾಲಯ ಅನ್ನುವುದು ಅಲ್ಲಿ ಶುರುವಾಗಿದ್ದು 1833ರಲ್ಲಿ, ನ್ಯೂ ಹ್ಯಾಂಪ್‌ಷೈರ್‌ನ ಪೀಟರ್‌ಬರೊ ಅನ್ನುವ ಸಣ್ಣ ಊರಿನಲ್ಲಿ.

ಆಮೇಲೆ ಬಂದ ಆಂಡ್ರೂ ಕಾರ್ನೆಗಿ. ಉಕ್ಕಿನ ಸಾಹುಕಾರ. ಅಮೆರಿಕವೊಂದರಲ್ಲೇ 1,600ಕ್ಕೂ ಜಾಸ್ತಿ ಗ್ರಂಥಾಲಯ ಕಟ್ಟಿಸಲು ಹಣ ಕೊಟ್ಟ. ಆದರೆ ಸುಮ್ನೆ ಕೊಡಲಿಲ್ಲ. ಜಾಗ ಊರಿನವರದ್ದು. ಕಟ್ಟಡಕ್ಕೆ ಎಷ್ಟು ಕೊಟ್ಟೆನೋ ಅದರ ನೂರಕ್ಕೆ ಹತ್ತರಷ್ಟನ್ನು ಪ್ರತಿ ವರ್ಷ ನಡೆಸುವ ಖರ್ಚಿಗೆ ನೀವೇ ತೆಗೆದಿಡಬೇಕು ಅಂತ ಮೊದಲೇ ಬರೆಸಿಕೊಂಡ. ಆತ ದೇವರೇನಲ್ಲ ಬಿಡಿ. ಅವನ ಕಾರ್ಖಾನೆಯಲ್ಲಿ ಕೂಲಿಯವರು ದಿನಕ್ಕೆ ಹನ್ನೆರಡು ಗಂಟೆ ದುಡಿದವರು, 1892ರ ಹೋಮ್‌ಸ್ಟೆಡ್ ಮುಷ್ಕರದಲ್ಲಿ ಜೀವವೂ ಹೋಯಿತು. ಕೆಲವು ಊರುಗಳು ಅವನ ದುಡ್ಡೇ ಬೇಡ ಅಂದವು. ಆದರೂ ಆ ಹತ್ತು ಪರ್ಸೆಂಟಿನ ಷರತ್ತು ನನಗೆ ಅವನ ಕೋಟಿಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಯಾಕೆ ಅಂದರೆ ನನಗೆ ಪೆಟ್ಟು ಬಿದ್ದಿದೆ. ಹಿಂದೊಮ್ಮೆ ನಮ್ಮ ಓಣಿಯಲ್ಲಿ ಪಟ್ಟಿ ಎತ್ತಿ ವಾಚನಾಲಯ ಕಟ್ಟಿದೆವು. ಪಾವತಿ ಪುಸ್ತಕ ಹಿಡಿದು ಮನೆಮನೆ ತಿರುಗಿದವರಲ್ಲಿ ನಾನೂ ಒಬ್ಬ. ಉದ್ಘಾಟನೆಗೆ ಹಂದರ, ಹಲಗೆ, ಹಾರ, ಎಲ್ಲ ಆಯಿತು. ಪೇಪರ್ ಬಿಲ್ಲು ಯಾರು ಕಟ್ಟಬೇಕು ಅಂತ ಮಾತ್ರ ಯಾರೂ ಮಾತಾಡಿರಲಿಲ್ಲ. ಎಂಟು ತಿಂಗಳಿಗೆ ಪೇಪರಿನವನು ಹಾಕುವುದು ನಿಲ್ಲಿಸಿದ. ಆಮೇಲೆ ಕರೆಂಟು ಹೋಯಿತು. ಆಮೇಲೆ ಕೀಲಿಕೈ ಯಾರ ಹತ್ತಿರ ಇದೆ ಅನ್ನುವುದೇ ಮರೆತುಹೋಯಿತು, ಈಗ ಅಲ್ಲಿ ಗಣಪತಿ ಪೆಂಡಾಲಿನ ಬಿದಿರು ಇಟ್ಟಿದ್ದಾರೆ.

ಇನ್ನೊಂದು ಮಾತು. ಹಣ ಕೊಡುವವರು ನಾವೂ ಇದ್ದೇವೆ. ನಿಮ್ಮ ಮನೆ ತೆರಿಗೆಯ ರಸೀದಿ ತೆಗೆದು ನೋಡಿ. 1965ರ ಕರ್ನಾಟಕದ ಗ್ರಂಥಾಲಯ ಕಾಯ್ದೆಯಂತೆ ನಮ್ಮ ತೆರಿಗೆಯ ಮೇಲೂ ಗ್ರಂಥಾಲಯ ಕರ ಇದೆ, ಈಗ ನೂರಕ್ಕೆ ಆರು. ಕೊಡುತ್ತಿದ್ದೀರಿ ಅಂದಮೇಲೆ ನಿಮ್ಮ ಹತ್ತಿರದ ಶಾಖೆ ಯಾವ ಹೊತ್ತಿಗೆ ತೆರೆಯುತ್ತದೆ ಅಂತ ಕೇಳುವ ಹಕ್ಕೂ ಇದೆ, ಅಲ್ವಾ? ಮೊಮ್ಮಗ ಬಂದಾಗ ಒಮ್ಮೆ ಕರಕೊಂಡು ಹೋಗಿ.

ಪ್ರಶ್ನೆ: 1893ರಲ್ಲಿ ವಿವೇಕಾನಂದರು ಮಾತಾಡಿದ ಶಿಕಾಗೋದ ಕಟ್ಟಡ ಈಗಲೂ ಇದೆಯೇ?
— ಕಾಲೇಜು ವಿದ್ಯಾರ್ಥಿನಿ, ಸುರಪುರ

ಉತ್ತರ: ಇದೆ ಕಣಮ್ಮಾ. ಅದೇ ಈಗಿನ ಆರ್ಟ್ ಇನ್‌ಸ್ಟಿಟ್ಯೂಟ್ ಆಫ್ ಶಿಕಾಗೋ, ದೊಡ್ಡ ಕಲಾ ಸಂಗ್ರಹಾಲಯ. ನನಗೆ ಇಷ್ಟವಾದ ಸಂಗತಿ ಏನು ಗೊತ್ತಾ? ಆ ವರ್ಷ ಶಿಕಾಗೋದಲ್ಲಿ ನಡೆದ ವಿಶ್ವ ಮೇಳದ ಸಮ್ಮೇಳನಗಳು ಮುಗಿದ ಮೇಲೆ ಈ ಕಟ್ಟಡ ಸಂಗ್ರಹಾಲಯಕ್ಕೆ ಅಂತ ಕಟ್ಟುವ ಮೊದಲೇ ಮಾತಾಗಿತ್ತು. ನಮ್ಮಲ್ಲಿ ಸಮ್ಮೇಳನ ಮುಗಿದ ಮರುದಿನ ಉಳಿಯುವುದು ಹರಿದ ಬ್ಯಾನರು, ಊಟದ ಎಲೆ.

ಪ್ರಶ್ನೆ: ಅಣ್ಣಾ, ನಾವು ಗೆಳೆಯರು ಸೇರಿ ಓಣಿಯ ಗೋಡೆಗಳ ಮೇಲೆ ಚಿತ್ರ ಬಿಡಿಸಬೇಕು ಅಂತಿದ್ದೇವೆ. ಅಮೆರಿಕದಲ್ಲಿ ಇಡೀ ಬೀದಿಗಳಿಗೇ ಚಿತ್ರ ಬರೆದಿರುವುದನ್ನು ಮೊಬೈಲಿನಲ್ಲಿ ನೋಡಿದೆವು. ಅಲ್ಲಿ ಹೇಗೆ ಮಾಡ್ತಾರೆ? ಸರ್ಕಾರ ಹಣ ಕೊಡುತ್ತದಾ?
— ಬೀದರಿನ ಯುವಕರು

ಉತ್ತರ: ತಮ್ಮಾ, ನೀವು ನೋಡಿದ್ದು ಬಹುಶಃ ಫಿಲಡೆಲ್ಫಿಯಾ ಇರಬೇಕು. ಅಲ್ಲಿ ಇಲ್ಲಿಯವರೆಗೆ ಇಂಥ ಸಾವಿರಾರು ಚಿತ್ರ ಬರೆದಿದ್ದಾರೆ. ಶುರುವಾಗಿದ್ದು 1984ರಲ್ಲಿ, ಅದೂ ಗೋಡೆ ಮೇಲೆ ಗೀಚುವುದನ್ನು ನಿಲ್ಲಿಸಲು! ಗೀಚಿ ಸಿಕ್ಕಿಬಿದ್ದ ಹುಡುಗರ ಕೈಗೇ ಕುಂಚ ಕೊಡುವ ಕೆಲಸವನ್ನು ಜೇನ್ ಗೋಲ್ಡನ್ ಎಂಬ ಕಲಾವಿದೆಗೆ ನಗರಾಡಳಿತ ವಹಿಸಿತು. ಅಲ್ಲಿ ಕಲಾವಿದರು ನೇರ ಗೋಡೆಗೆ ಏಣಿ ಹಚ್ಚುವುದಿಲ್ಲ. ಮೊದಲು ಓಣಿಯವರನ್ನು ಕೂಡಿಸುತ್ತಾರೆ. ಏನು ಬರೆಯಬೇಕು ಅಂತ ಜಗಳ ಆಗುತ್ತದೆ, ನಕ್ಷೆ ತೋರಿಸುತ್ತಾರೆ, ತಿದ್ದುತ್ತಾರೆ. ಎಷ್ಟೋ ಚಿತ್ರಗಳನ್ನು ಪ್ಯಾರಾಶೂಟಿಗೆ ಬಳಸುವಂಥ ತೆಳು ಬಟ್ಟೆಯ ತುಂಡುಗಳ ಮೇಲೆ ಬರೆದು ಆಮೇಲೆ ಗೋಡೆಗೆ ಅಂಟಿಸುತ್ತಾರೆ. ಹಾಗಾಗಿ ಏಣಿ ಹತ್ತಲಾಗದ ಅಜ್ಜಿ, ಶಾಲೆ ಮಕ್ಕಳು, ಜೈಲಿನಲ್ಲಿ ಇರುವವರು ಕೂಡ ಒಂದೊಂದು ತುಂಡಿಗೆ ಬಣ್ಣ ಹಚ್ಚಬಹುದು. ಈ ಉಪಾಯ ಕದಿಯಿರಿ, ಪರವಾಗಿಲ್ಲ.

ಹಣದ ಮಾತು. ಇದೇ ಫಿಲಡೆಲ್ಫಿಯಾ 1959ರಲ್ಲೇ ಸರ್ಕಾರಿ ಕಟ್ಟಡ ಕಟ್ಟುವಾಗ ಖರ್ಚಿನ ನೂರಕ್ಕೆ ಒಂದರಷ್ಟು ಕಲೆಗೆ ಇಡುವ ನಿಯಮ ಮಾಡಿತು, ಆಮೇಲೆ ಬಹಳ ನಗರಗಳು ಅದನ್ನು ಹಿಡಿದವು. ಆದರೆ ಅಲ್ಲಿ ನಮ್ಮ ಹಾಗೆ ಸಂಸ್ಕೃತಿ ಸಚಿವರು ಅಂತ ಇಲ್ಲ. ಕಲೆಗೆ ಕೇಂದ್ರದ ಅನುದಾನ ಕೊಡುವ ಸಂಸ್ಥೆ ಹುಟ್ಟಿದ್ದು 1965ರಲ್ಲಿ, ಅದರ ಬಜೆಟ್ಟು 2024ರಲ್ಲಿ ಸುಮಾರು 20 ಕೋಟಿ ಡಾಲರ್. ತಲೆಗೆ ಹಂಚಿದರೆ ಒಂದು ಡಾಲರೂ ಬರಲ್ಲ. 2025ರ ಮೇ ತಿಂಗಳಲ್ಲಂತೂ ಒಪ್ಪಿಕೊಂಡಿದ್ದ ಎಷ್ಟೋ ಅನುದಾನಗಳನ್ನು ಒಂದೇ ಏಟಿಗೆ ರದ್ದು ಮಾಡಿದರು. ಉಳಿದದ್ದು ಊರಿನ ತೆರಿಗೆ, ಟಿಕೆಟ್ಟು, ದಾನ. ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ 1917ರಿಂದ ಇದೆ.

ನಿಮಗೆ ಎರಡೇ ಮಾತು. ಗೋಡೆಯ ಮಾಲೀಕರದ್ದೂ ನಗರಾಡಳಿತದ್ದೂ ಒಪ್ಪಿಗೆ ಬಾಯಿಮಾತಿನಲ್ಲಿ ಬೇಡ, ಕಾಗದದಲ್ಲಿ ಇರಲಿ. ಕೋಟೆಯ ಗೋಡೆ, ಮಹಮೂದ್ ಗಾವಾನ್ ಮದರಸಾದ ಗೋಡೆ ಕಡೆ ಕುಂಚ ಹಿಡಿದು ಸುಳಿಯಲೂ ಬೇಡಿ, ರಕ್ಷಿತ ಸ್ಮಾರಕವನ್ನು ಕೆಡಿಸುವುದು ಅಪರಾಧ. ಮಳೆಗಾಲದಲ್ಲಿ ಜಿನುಗುವ ಗೋಡೆ ಇದ್ದರೆ ಅದನ್ನೂ ಬಿಟ್ಟುಬಿಡಿ, ಮೊದಲ ಮಳೆಗೇ ಬಣ್ಣ ಹಪ್ಪಳದ ಹಾಗೆ ಏಳುತ್ತದೆ. ಮತ್ತೆ ದಯವಿಟ್ಟು ಆ ಭೂಮಿಯ ಗೋಲ ಹಿಡಿದ ಎರಡು ಕೈ ಬರೆಯಬೇಡಿ. ಬಿದರಿಯ ಬಳ್ಳಿ ಹೂವು ನಿಮ್ಮೂರಲ್ಲೇ ಇದೆ, ಕಪ್ಪಿನ ಮೇಲೆ ಬೆಳ್ಳಿ, ಎರಡೇ ಬಣ್ಣದ ಖರ್ಚು.

ಪ್ರಶ್ನೆ: ಅಮೆರಿಕವನ್ನು ಹೊಗಳುವುದು ಸಾಕು. ಎಲ್ಲರೂ ಕೂತು ಮಾತಾಡುವುದನ್ನು ಹನ್ನೆರಡನೇ ಶತಮಾನದಲ್ಲೇ ಬಸವಕಲ್ಯಾಣದ ಅನುಭವ ಮಂಟಪದಲ್ಲಿ ಕಲಿಸಿದವರು ನಾವು. ಅವರಿಂದ ಕಲಿಯುವುದು ಏನಿದೆ?
— ನಿವೃತ್ತ ಶಿಕ್ಷಕರು, ಹುಮನಾಬಾದ್

ಉತ್ತರ: ಗುರುಗಳೇ, ಸಿಟ್ಟು ಒಪ್ಪಿದೆ. ಹೊಗಳಿಕೆಗೆ ಇನ್ನೊಂದು ಮುಖವೂ ಇದೆ. ‘ಎಲ್ಲರಿಗೂ’ ಅಂತ ಬೋರ್ಡು ಹಾಕಿದ ದೇಶದಲ್ಲೇ 1961ರ ಮಾರ್ಚ್‌ನಲ್ಲಿ ಮಿಸಿಸಿಪ್ಪಿಯ ಜಾಕ್ಸನ್ ಊರಿನ ಗ್ರಂಥಾಲಯಕ್ಕೆ ಹೋಗಿ ಓದಲು ಕೂತ ಒಂಬತ್ತು ಕಪ್ಪು ವಿದ್ಯಾರ್ಥಿಗಳನ್ನು ಪೊಲೀಸರು ಹಿಡಿದೊಯ್ದರು. ಪುಸ್ತಕ ಓದಿದ್ದಕ್ಕೆ! 1939ರಲ್ಲಿ ಮರಿಯನ್ ಆಂಡರ್ಸನ್ ಎಂಬ ಹಾಡುಗಾರ್ತಿಗೆ ಕಪ್ಪು ಬಣ್ಣದವರು ಅಂತ ವಾಷಿಂಗ್ಟನ್ನಿನ ದೊಡ್ಡ ಸಭಾಂಗಣ ಕೊಡಲಿಲ್ಲ. ಆಕೆ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಹಾಡಿದರು, ಸುಮಾರು 75 ಸಾವಿರ ಜನ ಸೇರಿದ್ದರು. ಬಾಗಿಲು ತಾನಾಗಿ ತೆರೆದುಕೊಳ್ಳಲಿಲ್ಲ, ಹೀಗೆ ಬಡಿದು ತೆರೆಸಿದ್ದು.

ಆದರೆ ಎಂಟು ನೂರು ವರ್ಷದ ಹಿಂದೆ ನಾವು ಕಲಿಸಿದ್ದನ್ನು ಈಗ ಎಷ್ಟು ಮಾಡುತ್ತಿದ್ದೇವೆ, ನೀವೇ ಹೇಳಿ. ವರ್ಮಾಂಟ್ ರಾಜ್ಯದ ಸಣ್ಣ ಊರುಗಳಲ್ಲಿ ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರಸಭೆ. ಹಿಮ ತೆಗೆಯುವ ಗಾಡಿಗೆ ಎಷ್ಟು, ಗ್ರಂಥಾಲಯಕ್ಕೆ ಎಷ್ಟು ಅಂತ ಬಜೆಟ್ಟಿನ ಒಂದೊಂದೇ ಬಾಬತ್ತು ಓದುತ್ತಾರೆ, ಊರಿನ ಮತದಾರರು ಯಾರು ಬೇಕಾದರೂ ಎದ್ದು ಕೇಳಬಹುದು. ಬರುವವರ ಸಂಖ್ಯೆ ಅಲ್ಲೂ ಕಡಿಮೆಯಾಗಿದೆ ಅಂತ ಗೊಣಗಾಟ ಇದೆ. ನಮ್ಮ ಗ್ರಾಮಸಭೆಗೂ ಕಾಯ್ದೆಯಲ್ಲಿ ಲೆಕ್ಕ ಕೇಳುವ ಅಧಿಕಾರ ಇದೆ, ಸಹಿ ಮಾತ್ರ ಮನೆಗೇ ಬಂದು ಮಾಡಿಸಿಕೊಂಡು ಹೋಗುತ್ತಾರೆ.

ಪತ್ರದ ಕೊನೆಗೆ ಆ ಸಭೆಗಳಲ್ಲಿ ಊಟ ಹಾಕುತ್ತಾರಾ ಅಂತ ಕೆಣಕಿದ್ದೀರಿ. ಬಹಳ ಊರುಗಳಲ್ಲಿ ಮಧ್ಯಾಹ್ನ ಊಟ ಇರುತ್ತದೆ ಗುರುಗಳೇ. ಕೆಲವು ಕಡೆ ಮನೆಮನೆಯಿಂದ ಒಂದೊಂದು ಪದಾರ್ಥ ತಂದು ಹಂಚಿ ತಿನ್ನುತ್ತಾರೆ. ಕೆಲವು ಕಡೆ ಶಾಲೆ ಮಕ್ಕಳ ಪ್ರವಾಸಕ್ಕೋ ಇನ್ನೇನಕ್ಕೋ ಹಣ ಕೂಡಿಸಲು ಊಟಕ್ಕೆ ದುಡ್ಡು ತಗೊಳ್ಳುತ್ತಾರೆ. ಕಲಬುರಗಿಯ ಶರಣಬಸವಪ್ಪನ ದಾಸೋಹದಲ್ಲಿ ಉಂಡು ಬೆಳೆದ ನಮ್ಮ ಜನಕ್ಕೆ ಈ ಎರಡನೆಯದು ಮಾತ್ರ ಸುತಾರಾಂ ಒಪ್ಪಿಗೆಯಾಗಲಿಕ್ಕಿಲ್ಲ.