ಎರಡು ಪಾಸ್‌ಪೋರ್ಟಿನ ಹುಡುಗಿ: ಹೊರದೇಶದ ಪದವಿ ಕುರಿತ ಒಂದು ಆಪ್ತಸಲಹೆ ಪ್ರಕರಣ

(ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆಯಲಾಗಿದೆ.)

2025ರ ಸೆಪ್ಟೆಂಬರಿನಲ್ಲಿ ಮೈಸೂರಿನ ಒಂದು ಕುಟುಂಬ ನನ್ನ ಬಳಿ ಬಂದಿತು. ಮಗಳಿಗೆ ಹದಿನೇಳು ವರ್ಷ. ಸಿಬಿಎಸ್‌ಇ ಹನ್ನೆರಡನೆಯ ತರಗತಿಯಲ್ಲಿ ಓದುತ್ತಿದ್ದಳು. ತಂದೆ ಕುಳಿತುಕೊಳ್ಳುವ ಮೊದಲೇ ಮಾತು ಆರಂಭಿಸಿದರು: “ಇವಳು ಅಮೆರಿಕದಲ್ಲಿ ಹುಟ್ಟಿದವಳು ಮೇಡಂ, ಅಲ್ಲಿನ ಸಿಟಿಜನ್. ಅಲ್ಲಿನವರಿಗೆ ಫೀಸು ಕಡಿಮೆ, ಸಾಲವೂ ಸುಲಭವಾಗಿ ಸಿಗುತ್ತೆ ಅಂತಾರೆ. ಯಾವ ಯೂನಿವರ್ಸಿಟಿ ಒಳ್ಳೇದು ಅಂತ ನೀವು ಹೇಳಿಬಿಟ್ಟರೆ ಸಾಕು.” ಮಗಳು ತಲೆ ತಗ್ಗಿಸಿ ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಿದ್ದಳು.

ಕುಟುಂಬದ ಹಿನ್ನೆಲೆ ಹೀಗಿದೆ. ತಂದೆ ಎಚ್-1ಬಿ ವೀಸಾದ ಮೇಲೆ ಕ್ಯಾಲಿಫೋರ್ನಿಯಾದಲ್ಲಿದ್ದಾಗ 2008ರಲ್ಲಿ ಮಗಳು ಹುಟ್ಟಿದಳು. ಆ ನೆಲದಲ್ಲಿ ಹುಟ್ಟಿದ ಕಾರಣಕ್ಕೆ ಅಮೆರಿಕದ ಪ್ರಜೆಯಾದಳು. 2011ರಲ್ಲಿ ಕುಟುಂಬ ಡಬ್ಲಿನ್‌ಗೆ ಹೋಯಿತು. ಅಲ್ಲಿ ತಂದೆ ಐರಿಷ್ ಪೌರತ್ವ ಪಡೆದರು, ಆಮೇಲೆ ಮಗಳಿಗೂ ಸಿಕ್ಕಿತು. ತಾಯಿ ಭಾರತೀಯ ಪಾಸ್‌ಪೋರ್ಟನ್ನೇ ಉಳಿಸಿಕೊಂಡರು. 2019ರಲ್ಲಿ ಮೈಸೂರಿಗೆ ಮರಳುವಾಗ ತಂದೆ ಮಗಳಿಬ್ಬರಿಗೂ ಓಸಿಐ ಕಾರ್ಡ್ (ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಮಾಡಿಸಲಾಯಿತು. ಮನೆಯಲ್ಲಿ ಎಲ್ಲರೂ ಅದನ್ನು ‘ಡ್ಯುಯಲ್ ಸಿಟಿಜನ್‌ಶಿಪ್’ ಎಂದೇ ಕರೆಯುತ್ತಿದ್ದರು. ಓಸಿಐ ಪೌರತ್ವವಲ್ಲ, ಭಾರತ ದ್ವಿಪೌರತ್ವವನ್ನು ಒಪ್ಪುವುದೂ ಇಲ್ಲ. ಹುಡುಗಿ ಎರಡು ದೇಶಗಳ ಪ್ರಜೆ ಎಂಬುದು ನಿಜ, ಆದರೆ ಆ ಎರಡರಲ್ಲಿ ಅವಳು ಬೆಳೆಯುತ್ತಿರುವ ದೇಶ ಸೇರಿಲ್ಲ.

ಮೊದಲ ಭೇಟಿಯಲ್ಲಿ ನಾನು ಯಾವ ವಿಶ್ವವಿದ್ಯಾಲಯದ ಹೆಸರನ್ನೂ ಹೇಳಲಿಲ್ಲ. ತಂದೆ ತಾಯಿಯನ್ನು ಹೊರಗೆ ಕೂರಿಸಿ ಮಗಳೊಂದಿಗೆ ಮುಕ್ಕಾಲು ಗಂಟೆ ಮಾತಾಡಿದೆ. “ಎಲ್ಲರೂ ನೀನು ಲಕ್ಕಿ ಅಂತಾರೆ ಮೇಡಂ. ಆದರೆ ನಿನಗೆ ಏನು ಓದಬೇಕು ಅಂತ ಯಾರೂ ಕೇಳಿಲ್ಲ,” ಎಂದಳು. ನಾನು ಕೇಳಿದೆ. ಮಂಡ್ಯದ ಕಡೆ ಅವಳ ಅಜ್ಜನ ಗದ್ದೆ ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದಲ್ಲಿದೆ. ಕೆಆರ್‌ಎಸ್ ತುಂಬಿದ ವರ್ಷವೂ ತೂಬಿನಲ್ಲಿ ನೀರು ಬಾರದೆ ಅಜ್ಜ ರಾತ್ರಿ ಟಾರ್ಚ್ ಹಿಡಿದು ಕಾಲುವೆಯ ಏರಿಯ ಮೇಲೆ ನಡೆದದ್ದನ್ನು, ಮೇಲಿನ ಊರಿನವರೊಂದಿಗೆ ಜಗಳವಾದದ್ದನ್ನು ಅವಳು ಕಂಡಂತೆ ಹೇಳಿದಳು. ನೀರು ಎಲ್ಲಿ ಸೋರಿಹೋಗುತ್ತದೆ, ಯಾರ ಪಾಲಿಗೆ ಎಷ್ಟು ಬರಬೇಕು ಎಂಬುದೇ ಅವಳ ಓದಿನ ಆಸೆ. ಆ ಹೊತ್ತಿನಲ್ಲಿ ಬಾಟಲಿಯ ಮುಚ್ಚಳ ಮೇಜಿನ ಮೇಲಿತ್ತು.

ಎರಡನೆಯ ಭೇಟಿಯನ್ನು ಪೂರ್ತಿಯಾಗಿ ಹಣದ ಲೆಕ್ಕಕ್ಕೆ ಮೀಸಲಿಟ್ಟೆವು. ಇಂತಹ ಕುಟುಂಬಗಳು ಎಡವುವುದು ಹೆಚ್ಚಾಗಿ ಒಂದೇ ಕಡೆ: ಪೌರತ್ವ ಬೇರೆ, ವಾಸ ಬೇರೆ ಎಂಬುದು ಅವರಿಗೆ ಹೊಳೆದಿರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವಳಾದರೂ ಅವಳು ಈಗ ಆ ರಾಜ್ಯದ ನಿವಾಸಿಯಲ್ಲ; ಹಾಗಾಗಿ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳು ಅವಳಿಂದ ಹೊರರಾಜ್ಯದವರ ಶುಲ್ಕವನ್ನೇ ಕೇಳುತ್ತವೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಈ ಹೆಚ್ಚುವರಿ ಶುಲ್ಕವೊಂದೇ ವರ್ಷಕ್ಕೆ 30 ಸಾವಿರ ಡಾಲರ್ ಮೀರುತ್ತದೆ, ಊಟ ವಸತಿ ಸೇರಿದರೆ ಒಟ್ಟು ವೆಚ್ಚ 70 ಸಾವಿರ ಡಾಲರ್ ದಾಟುತ್ತದೆ. ಪೌರತ್ವದಿಂದ ಸಿಗುವುದು ಫೆಡರಲ್ ನೆರವಿನ, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ನೆರವಿನ, ಅರ್ಹತೆ. ಅದಕ್ಕೆ ‘ಫಾಫ್ಸಾ’ ಅರ್ಜಿ ಹಾಕಬೇಕು. ಪಾಲಕರು ಅಮೆರಿಕದ ಪ್ರಜೆಗಳಾಗಿರಬೇಕೆಂಬ ಷರತ್ತು ಅದಕ್ಕಿಲ್ಲ. ತಂದೆಯ ವಾರ್ಷಿಕ ಆದಾಯ ₹24 ಲಕ್ಷ; ಮೈಸೂರಿನಲ್ಲಿ ಅದು ಅನುಕೂಲಸ್ಥರ ಆದಾಯವೇ ಆದರೂ ಡಾಲರಿಗೆ ತಿರುಗಿಸಿದಾಗ 28 ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ಮರಳಿಸಬೇಕಿಲ್ಲದ ಫೆಡರಲ್ ಸಹಾಯಧನವಾದ ಪೆಲ್ ಗ್ರಾಂಟ್ ಸಿಗುವ ಸಾಧ್ಯತೆ ಚೆನ್ನಾಗಿಯೇ ಇತ್ತು. ಆದರೆ ಅದರ ಗರಿಷ್ಠ ಮೊತ್ತ 2025-26ರಲ್ಲಿ 7,395 ಡಾಲರ್. ಪಾಲಕರ ಆಶ್ರಯದಲ್ಲಿರುವ ವಿದ್ಯಾರ್ಥಿಗೆ ಮೊದಲ ವರ್ಷ ಸಿಗುವ ಫೆಡರಲ್ ಸಾಲದ ಸಾಮಾನ್ಯ ಮಿತಿ 5,500 ಡಾಲರ್. ಎರಡೂ ಸೇರಿ 12,895. ಪಾಲಕರ ಹೆಸರಿನ ‘ಪೇರೆಂಟ್ ಪ್ಲಸ್’ ಸಾಲಕ್ಕೆ ಪಾಲಕರೇ ಅಮೆರಿಕದ ಪ್ರಜೆಗಳೋ ಕಾಯಂ ನಿವಾಸಿಗಳೋ ಆಗಿರಬೇಕಾದ್ದರಿಂದ ಇವರಿಗೆ ಆ ದಾರಿಯಿರಲಿಲ್ಲ. ತಂದೆ ಈ ಅಂಕಿಗಳನ್ನು ಹಾಳೆಯ ಮೇಲೆ ತಾವೇ ಒಂದರ ಕೆಳಗೊಂದು ಬರೆದು, ಕಳೆದು, ಬಹಳ ಹೊತ್ತು ಸುಮ್ಮನಿದ್ದರು. ಅವರ ಹದಿನೇಳು ವರ್ಷದ ನಂಬಿಕೆಯೊಂದು ಆ ಹಾಳೆಯಲ್ಲಿ ಕರಗಿತೆಂಬುದು ನನಗೆ ಅರ್ಥವಾಯಿತು, ಅವರನ್ನು ಅವಸರಪಡಿಸಲಿಲ್ಲ. ಅಮೆರಿಕವನ್ನು ಪೂರ್ತಿ ಕೈಬಿಡಬೇಡಿ ಎಂದೂ ಹೇಳಿದೆ: ಅಗತ್ಯವಿದ್ದವರಿಗೆ ಪೂರ್ಣ ನೆರವು ಕೊಡುವ ಕೆಲವು ಖಾಸಗಿ ಕಾಲೇಜುಗಳು ವಿದೇಶಿ ಅರ್ಜಿದಾರರ ಹಣದ ಶಕ್ತಿಯನ್ನು ನೋಡಿ ಪ್ರವೇಶ ನಿರ್ಧರಿಸುತ್ತವೆ, ತಮ್ಮ ಪ್ರಜೆಗಳ ವಿಷಯದಲ್ಲಿ ಹಾಗೆ ನೋಡುವುದಿಲ್ಲ. ಅವಳ ಅಂಕಗಳಿಗೆ ಅಂತಹ ಒಂದೆರಡು ಕಡೆ ಅರ್ಜಿ ಹಾಕುವುದು ತಕ್ಕದ್ದಾಗಿತ್ತು.

ಈ ನಡುವೆ ತಾಯಿ ಮೆಲ್ಲಗೆ ಒಂದು ಮಾತು ಹೇಳಿದರು: “ಮಾವನವರು ಪುಟ್ಟಿಯ ಹೆಸರಲ್ಲಿ ಹದಿನಾಲ್ಕು ಲಕ್ಷ ಎಫ್‌ಡಿ ಇಟ್ಟಿದಾರೆ.” ಗದ್ದೆಯ ಒಂದು ತುಂಡು ಮಾರಿ ಮೊಮ್ಮಗಳ ಓದಿಗೆಂದು ಅಜ್ಜ ಇಟ್ಟ ಹಣ ಅದು. ಅಜ್ಜನ ಪ್ರೀತಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ, ಆದರೆ ತೊಡಕನ್ನೂ ಹೇಳಲೇಬೇಕಾಯಿತು. ಅಮೆರಿಕದ ಪ್ರಜೆ ಎಲ್ಲೇ ವಾಸವಿರಲಿ, ಎಷ್ಟೇ ಚಿಕ್ಕವರಿರಲಿ, ಹೊರದೇಶದ ಖಾತೆಗಳಲ್ಲಿ ಒಟ್ಟು 10 ಸಾವಿರ ಡಾಲರಿಗಿಂತ ಹೆಚ್ಚು ಹಣ ವರ್ಷದಲ್ಲಿ ಒಂದು ದಿನ ಇದ್ದರೂ ‘ಎಫ್‌ಬಾರ್’ ಎಂಬ ವರದಿಯನ್ನು ಅಮೆರಿಕದ ಸರ್ಕಾರಕ್ಕೆ ಸಲ್ಲಿಸಬೇಕು. ಮೇಲಾಗಿ ನೆರವನ್ನು ಲೆಕ್ಕಹಾಕುವ ಫೆಡರಲ್ ಸೂತ್ರದಲ್ಲಿ ಆಸ್ತಿ ಲೆಕ್ಕಕ್ಕೆ ಬರುವ ಸಂದರ್ಭದಲ್ಲಿ ವಿದ್ಯಾರ್ಥಿಯ ಹೆಸರಿನ ಹಣದ 20 ಪ್ರತಿಶತವನ್ನು ಓದಿಗೆ ಲಭ್ಯವೆಂದು ಹಿಡಿಯುತ್ತಾರೆ. ಪಾಲಕರ ಹೆಸರಿನಲ್ಲಿದ್ದರೆ ಆ ಪ್ರಮಾಣ ತೀರಾ ಕಡಿಮೆ. ಇದನ್ನು ಮುಚ್ಚಿಡುವುದಾಗಲಿ, ಗಾಬರಿಯಲ್ಲಿ ಠೇವಣಿ ಮುರಿಯುವುದಾಗಲಿ ಬೇಡ; ಅಮೆರಿಕದ ತೆರಿಗೆ ಬಲ್ಲ ಲೆಕ್ಕಪರಿಶೋಧಕರನ್ನು ಕಂಡು ಹಿಂದಿನ ವರ್ಷಗಳ ವರದಿಯನ್ನು ಸರಿಪಡಿಸಿಕೊಳ್ಳಿ, ಮಗಳು ಹೊರದೇಶಕ್ಕೆ ಹೋದಮೇಲೆ ಬ್ಯಾಂಕಿಗೆ ತಿಳಿಸಿ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ಖಾತೆ) ಮಾಡಿಸಿ ಎಂದು ಸಲಹೆ ಕೊಟ್ಟೆ.

ಐರಿಷ್ ಪಾಸ್‌ಪೋರ್ಟನ್ನು ಮನೆಯವರು ಪ್ರವಾಸದ ಅನುಕೂಲವೆಂದಷ್ಟೇ ಎಣಿಸಿದ್ದರು. ಈ ಪ್ರಕರಣದಲ್ಲಿ ಬೆಲೆಬಾಳುವ ಕಾಗದ ಅದೇ ಆಗಿತ್ತು: ಐರ್ಲೆಂಡಿನ ಪ್ರಜೆ ಐರೋಪ್ಯ ಒಕ್ಕೂಟದ ಪ್ರಜೆಯೂ ಹೌದು. ನೆದರ್ಲೆಂಡ್ಸ್‌ನ ಸರ್ಕಾರಿ ವಿಶ್ವವಿದ್ಯಾಲಯಗಳು ಐರೋಪ್ಯ ಒಕ್ಕೂಟದ ಪ್ರಜೆಗಳಿಂದ ಅವರು ಎಲ್ಲಿ ವಾಸವಿದ್ದರೆಂದು ಕೇಳದೆ ಶಾಸನಬದ್ಧ ಶುಲ್ಕವನ್ನು ಮಾತ್ರ ಪಡೆಯುತ್ತವೆ. 2025-26ರಲ್ಲಿ ಅದು 2,601 ಯೂರೊ. ಹೊರಗಿನವರಿಗೆ ಇದರ ಹಲವು ಪಟ್ಟು. ವೀಸಾ ಬೇಡ, ದುಡಿಯಲು ಪರವಾನಗಿ ಬೇಡ, ಶುಲ್ಕದ ಮಟ್ಟಿಗೆ ಅಲ್ಲಿನ ಸರ್ಕಾರದಿಂದ ಸಾಲವೂ ಸಿಗುತ್ತದೆ. ವಾಗೆನಿಂಗೆನ್ ವಿಶ್ವವಿದ್ಯಾಲಯದಲ್ಲಿ ನೆಲ ಮತ್ತು ನೀರಿನ ನಿರ್ವಹಣೆಯ ಪದವಿಯನ್ನು ಇಂಗ್ಲಿಷಿನಲ್ಲಿ ಕಲಿಸುತ್ತಾರೆಂದು ತೋರಿಸಿದಾಗ ಹುಡುಗಿ ಪಠ್ಯವಿಷಯಗಳ ಪಟ್ಟಿಯನ್ನು ಗಟ್ಟಿಯಾಗಿ ಓದತೊಡಗಿದಳು. ನೀರಾವರಿ ಎಂಬಲ್ಲಿ ನಿಂತು ತಂದೆಯ ಮುಖ ನೋಡಿದಳು. ಜೀವನವೆಚ್ಚ ತಿಂಗಳಿಗೆ 1,100 ಯೂರೊ ಎಂದು ಹಿಡಿದರೂ ವರ್ಷಕ್ಕೆ ಸುಮಾರು ₹16 ಲಕ್ಷ, ಮೂರು ವರ್ಷಕ್ಕೆ ₹48 ಲಕ್ಷ. ಅಜ್ಜನ ಹದಿನಾಲ್ಕು, ತಂದೆಯ ಉಳಿತಾಯದ ಇಪ್ಪತ್ತು, ಉಳಿದದ್ದು ನೆದರ್ಲೆಂಡ್ಸ್ ಸರ್ಕಾರದ ಆ ಸಾಲ ಮತ್ತು ತಂದೆಯ ಸಂಬಳದಿಂದ. ಇಲ್ಲಿನ ಬ್ಯಾಂಕುಗಳ ಶಿಕ್ಷಣ ಸಾಲವನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ವಿದ್ಯಾರ್ಥಿ ಭಾರತೀಯ ಪ್ರಜೆಯಾಗಿರಬೇಕೆಂದು ಹಲವು ಯೋಜನೆಗಳು ಕೇಳುತ್ತವೆ.

ಆದರೆ ಪಾಸ್‌ಪೋರ್ಟ್ ಶುಲ್ಕವನ್ನು ಇಳಿಸಬಹುದೇ ಹೊರತು ಅಂಕಪಟ್ಟಿಯ ಮೌಲ್ಯವನ್ನು ಏರಿಸಲಾರದು. ಜರ್ಮನಿಯ ವಿಚಾರ ಬಂದಾಗ ಇದನ್ನು ಒತ್ತಿ ಹೇಳಬೇಕಾಯಿತು: ಅಲ್ಲಿ ಭಾರತದ ಹನ್ನೆರಡನೆಯ ತರಗತಿಯವರಿಗೆ ಸಾಮಾನ್ಯವಾಗಿ ಇಲ್ಲಿ ಒಂದು ವರ್ಷದ ಪದವಿ ಓದು, ಜೆಇಇ ಅಡ್ವಾನ್ಸ್ಡ್ ಅಥವಾ ಅಲ್ಲಿನ ಪೂರ್ವಸಿದ್ಧತಾ ಕೋರ್ಸು ಬೇಕು, ಐರಿಷ್ ಪ್ರಜೆಯೆಂದು ವಿನಾಯಿತಿಯಿಲ್ಲ. ನೆದರ್ಲೆಂಡ್ಸ್‌ನಲ್ಲಿ ಬಾಡಿಗೆ ಕೋಣೆಗಳಿಗೆ ತೀವ್ರ ಅಭಾವವಿದೆ, ಕೋಣೆ ಖಚಿತವಾಗದೆ ವಿಮಾನ ಹತ್ತಬೇಡಿ ಎಂದೂ ಎಚ್ಚರಿಸಿದೆ.

ಐರ್ಲೆಂಡಿನಲ್ಲಿ ಉಚಿತ ಶುಲ್ಕದ ಯೋಜನೆಗೆ ಹಿಂದಿನ ಐದು ವರ್ಷಗಳಲ್ಲಿ ಮೂರು ವರ್ಷ ಐರೋಪ್ಯ ವಲಯದ ವಾಸ ಬೇಕು, ಅದು ಇವಳಿಗಿಲ್ಲ. ಆದರೆ ಅಲ್ಲಿ ಕನಿಷ್ಠ ಐದು ವರ್ಷ ಶಾಲೆ ಓದಿದ ಐರೋಪ್ಯ ಪ್ರಜೆಗೆ ಹೊರಗಿನವರ ದುಬಾರಿ ಶುಲ್ಕದ ಬದಲು ಐರೋಪ್ಯ ದರ ಸಿಗುತ್ತದೆ, ಇವಳು ಏಳು ವರ್ಷ ಅಲ್ಲಿ ಓದಿದ್ದಳು. ಇದನ್ನು ಆಯಾ ಕಾಲೇಜಿನಿಂದ ಬರಹದಲ್ಲಿ ಖಚಿತಪಡಿಸಿಕೊಳ್ಳಿ ಎಂದೆ. ಇನ್ನು ಭಾರತ: 2021ರ ಮಾರ್ಚ್ 4ರ ಅಧಿಸೂಚನೆ ಓಸಿಐ ಮಕ್ಕಳನ್ನು ಎನ್‌ಆರ್‌ಐ ಸೀಟುಗಳಿಗೆ ಸೀಮಿತಗೊಳಿಸಿದ್ದರೂ, ಅದಕ್ಕೆ ಮೊದಲು ಕಾರ್ಡ್ ಪಡೆದವರಿಗೆ ಇತರ ಸೀಟುಗಳ ಹಕ್ಕೂ ಉಳಿಯುತ್ತದೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಅವಳ ಕಾರ್ಡ್ 2019ರದು. ಇಲ್ಲಿಯೇ ಓದುವ ಬಾಗಿಲೂ ಮುಚ್ಚಿಲ್ಲ ಎಂದು ತಿಳಿದಾಗ ಅವಳ ಉಸಿರು ಹಗುರಾದದ್ದು ಕಂಡಿತು. ಹೋಗಲೇಬೇಕು ಎಂಬುದಕ್ಕೂ ಹೋಗಬಹುದು ಎಂಬುದಕ್ಕೂ ಬಹಳ ಅಂತರವಿದೆ.

ಕಾಗದಪತ್ರ ಹರಡಿದಾಗ ಇನ್ನೊಂದು ತೊಂದರೆ ಕಂಡಿತು. ಅಮೆರಿಕದ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೇ ಅವಳ ಕುಲನಾಮ, ಐರಿಷ್ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಶಾಲೆಯ ದಾಖಲೆಯಲ್ಲಿ ಬರೀ ಇನಿಶಿಯಲ್. ಮೂರೂ ಒಬ್ಬಳೇ ಎಂಬ ಪ್ರಮಾಣಪತ್ರ ಮಾಡಿಸಿ, ಪ್ರತಿ ಅರ್ಜಿಯಲ್ಲೂ ಆಯಾ ಪಾಸ್‌ಪೋರ್ಟಿನ ಹೆಸರನ್ನೇ ಬಳಸಿ, ಅವಧಿ ಮುಗಿದ ಅಮೆರಿಕದ ಪಾಸ್‌ಪೋರ್ಟನ್ನು ಮೊದಲು ನವೀಕರಿಸಿ ಎಂದು ತಿಳಿಸಿದೆ.

ಕೊನೆಯ ಭೇಟಿಯ ಹೊತ್ತಿಗೆ ಪಟ್ಟಿ ಅವಳದೇ ಕೈಬರಹದಲ್ಲಿತ್ತು: ಮೊದಲು ವಾಗೆನಿಂಗೆನ್, ಆಮೇಲೆ ಡಬ್ಲಿನ್, ಅಮೆರಿಕದ ಒಂದು ಖಾಸಗಿ ಕಾಲೇಜು, ಬೆಂಗಳೂರಿನದು ಒಂದು. ತಂದೆ ಅದನ್ನು ಓದಿ, ಡಬ್ಲಿನ್‌ನ ಕೊನೆಯ ದಿನಾಂಕ ಫೆಬ್ರವರಿ 1 ಎಂದು ಪಕ್ಕದಲ್ಲಿ ತಾವೇ ಬರೆದರು. ತಾಯಿ ಚೀಲದಿಂದ ಬಿಸ್ಕತ್ತಿನ ಹಳೆಯ ಡಬ್ಬವೊಂದನ್ನು ತೆಗೆದರು. ಡಬ್ಲಿನ್ ಶಾಲೆಯ ಏಳು ವರ್ಷದ ಪ್ರಗತಿಪತ್ರಗಳು ಅದರಲ್ಲಿದ್ದವು. “ಇವನ್ನು ಲ್ಯಾಮಿನೇಟ್ ಮಾಡಿಸಲಾ?” ಎಂದು ಕೇಳಿದರು. ಬೇಡ, ಮೂಲಪ್ರತಿಗಳು ಹೇಗಿವೆಯೋ ಹಾಗೆಯೇ ಇರಲಿ, ಒಂದೊಂದನ್ನೂ ಸ್ಕ್ಯಾನ್ ಮಾಡಿಸಿ ಎಂದೆ.