ಡೆಸ್ಕ್‌ಟಾಪ್‌ನಲ್ಲಿ ಹಾರ್ಡ್ ಡಿಸ್ಕ್ ಗುಂಯ್‌ಗುಡುತ್ತಿದೆ, ಸದ್ದು ಕಡಿಮೆ ಮಾಡುವುದು ಹೇಗೆ?

ಹಳೆಯ ಕ್ಯಾಬಿನೆಟ್‌ಗೆ ಎರಡನೇ ಹಾರ್ಡ್ ಡಿಸ್ಕ್ ಹಾಕಿದ ಮೇಲೆ ಗುಂಯ್ ಅನ್ನುವ ಸದ್ದು ಶುರುವಾಗಿದೆ, ಎರಡೂ 7200 ಆರ್‌ಪಿಎಂ, ಹೊಸದನ್ನು ಬದಲಾಯಿಸಬೇಕಾ ಎಂದು ಕೇಳಿದ್ದೀರಿ. ಈಗಲೇ ಬೇಡ. ಮೊದಲು ಕ್ಯಾಬಿನೆಟ್ ನೋಡಿ. ಇಂಥ ಸದ್ದಿನಲ್ಲಿ ಡಿಸ್ಕ್‌ಗಿಂತ ತಗಡಿನ ಪಾಲೇ ಜಾಸ್ತಿ.

ನಿಮಿಷಕ್ಕೆ 7200 ಸುತ್ತು ಅಂದರೆ ಸೆಕೆಂಡಿಗೆ 120. ಒಳಗಿನ ತಟ್ಟೆಗಳನ್ನು ಎಷ್ಟೇ ಚೆನ್ನಾಗಿ ಕೂರಿಸಿದ್ದರೂ ತೂಕ ಒಂಚೂರು ಆಚೀಚೆ ಇದ್ದೇ ಇರುತ್ತದೆ. ಹಾಗಾಗಿ ಡಿಸ್ಕ್ 120 ಹರ್ಟ್ಸ್‌ನಲ್ಲಿ ಸಣ್ಣಗೆ ನಡುಗುತ್ತದೆ. ಆ ನಡುಕ ಸ್ಕ್ರೂ ಮೂಲಕ ತಗಡಿಗೆ ಇಳಿಯುತ್ತದೆ. ತಂಬೂರಿ ತಂತಿಯ ಸದ್ದನ್ನು ಬುರುಡೆ ದೊಡ್ಡದು ಮಾಡುವ ಹಾಗೆ ಅಗಲವಾದ ಸೈಡ್ ಪ್ಯಾನೆಲ್ ಅದನ್ನು ದೊಡ್ಡದು ಮಾಡುತ್ತದೆ. ಎರಡು ಡಿಸ್ಕ್‌ಗಳ ವೇಗ ತೀರಾ ಒಂದೇ ಇರುವುದಿಲ್ಲ. ಅದಕ್ಕೇ ಸದ್ದು ಒಂದೇ ಸಮನೆ ಬಾರದೆ ವೂಂ... ವೂಂ... ಅಂತ ಏರಿ ಇಳಿಯುತ್ತದೆ. ನಿಮಗೂ ಹಾಗೇ ಕೇಳಿಸುತ್ತಿರಬೇಕು, ಅಲ್ವಾ?

ಖಚಿತ ಮಾಡಿಕೊಳ್ಳುವುದು ಸುಲಭ. ಸದ್ದು ಬರುವಾಗ ಸೈಡ್ ಪ್ಯಾನೆಲ್ ಮೇಲೆ ಅಂಗೈ ಒತ್ತಿ ಹಿಡಿಯಿರಿ. ತಗ್ಗಿದರೆ ತಗಡೇ ಕಾರಣ. ಇನ್ನೂ ಅನುಮಾನವಿದ್ದರೆ ಕಂಪ್ಯೂಟರ್ ಆಫ್ ಮಾಡಿ, ತಟ್ಟೆಗಳು ನಿಲ್ಲಲು ಅರ್ಧ ನಿಮಿಷ ಬಿಟ್ಟು, ಡಿಸ್ಕನ್ನು ಟ್ರೇಯಿಂದ ಬಿಚ್ಚಿ. ಮಡಚಿದ ಒಣ ಬಟ್ಟೆಯ ಮೇಲೆ, ಸರ್ಕ್ಯೂಟ್ ಇರುವ ಮಗ್ಗುಲು ಮೇಲೆ ಬರುವಂತೆ ಇಟ್ಟು, ಕೇಬಲ್ ಸಿಕ್ಕಿಸಿ ಐದು ನಿಮಿಷ ಆನ್ ಮಾಡಿ ನೋಡಿ. ತಿರುಗುತ್ತಿರುವ ಡಿಸ್ಕನ್ನು ಮಾತ್ರ ಮುಟ್ಟಲೇಬೇಡಿ. ಓದುವ ಹೆಡ್‌ಗೂ ತಟ್ಟೆಗೂ ನಡುವೆ ಇರುವುದು ಕೆಲವೇ ನ್ಯಾನೊಮೀಟರ್ ಜಾಗ.

ಈಗ ಪರಿಹಾರ. ಡಿಸ್ಕ್ ಮತ್ತು ತಗಡಿನ ನಡುವೆ ರಬ್ಬರ್ ಬರಬೇಕು. ಬಹಳ ಜನ ಸೈಕಲ್ ಟ್ಯೂಬಿನ ತುಂಡು ನಡುವೆ ಇಟ್ಟು ಸ್ಕ್ರೂ ಗಟ್ಟಿಯಾಗಿ ತಿರುವಿಬಿಡುತ್ತಾರೆ. ಆಗ ರಬ್ಬರ್ ಇದ್ದೂ ಪ್ರಯೋಜನವಿಲ್ಲ, ನಡುಕ ಸ್ಕ್ರೂ ಮೂಲಕವೇ ದಾಟುತ್ತದೆ. ಸ್ಕ್ರೂ ತಲೆಯ ಕೆಳಗೂ ರಬ್ಬರ್ ವಾಷರ್ ಬೇಕು, ಸ್ಕ್ರೂವಿನ ಮೈ ಟ್ರೇಯ ತೂತಿನ ಅಂಚಿಗೆ ತಾಗಬಾರದು. ಈ ಕೆಲಸಕ್ಕೆಂದೇ ಗ್ರೊಮೆಟ್ ಅನ್ನುವ ರಬ್ಬರ್ ಬಳೆ ಮತ್ತು ಉದ್ದ ಕತ್ತಿನ ಸ್ಕ್ರೂ ಸಿಗುತ್ತವೆ. ಬೆಂಗಳೂರಿನಲ್ಲಿದ್ದರೆ ಕಂಪ್ಯೂಟರ್ ಬಿಡಿಭಾಗ ಮಾರುವ ಎಸ್‌ಪಿ ರೋಡ್‌ನಲ್ಲಿ ವಿಚಾರಿಸಿ, ಇಲ್ಲದಿದ್ದರೆ ಆನ್‌ಲೈನ್. 3.5 ಇಂಚಿನ ಡಿಸ್ಕ್‌ಗೆ 6-32 ಅಳತೆಯ ದಪ್ಪ ಮರೆಯ (ಸುತ್ತು ಗೆರೆಯ) ಸ್ಕ್ರೂ ಬೇಕು. ಸಣ್ಣ ಮರೆಯ ಎಂ3 ಅದಕ್ಕೆ ಕೂರುವುದಿಲ್ಲ. ರಬ್ಬರ್ ಚಪ್ಪಟೆಯಾಗುವಷ್ಟು ಬಿಗಿಯಬೇಡಿ, ಅಲುಗಾಡದಷ್ಟು ಸಾಕು.

ಸಾಧ್ಯವಾದರೆ ಎರಡು ಡಿಸ್ಕ್‌ಗಳ ನಡುವೆ ಒಂದು ಟ್ರೇ ಖಾಲಿ ಬಿಡಿ. ತಗಡಿಗೆ ಅಂಟಿಕೊಂಡಿದ್ದಾಗ ಡಿಸ್ಕ್‌ನ ಬಿಸಿ ಒಂದಿಷ್ಟು ಅದಕ್ಕೆ ಹೋಗುತ್ತಿತ್ತು. ರಬ್ಬರ್ ಹಾಕಿದ ಮೇಲೆ ಆ ದಾರಿ ಕಡಿಮೆಯಾಗುತ್ತದೆ. ಆದ್ದರಿಂದ ಮುಂದಿನ ಫ್ಯಾನ್ ಗಾಳಿ ಡಿಸ್ಕ್ ಮೇಲೆ ಹಾಯುವಂತೆ ನೋಡಿಕೊಳ್ಳಿ. 45 ಡಿಗ್ರಿ ಒಳಗಿದ್ದರೆ ನಿಶ್ಚಿಂತೆ.

ಸೌಂಡ್‌ಪ್ರೂಫ್ ಅಂತ ಮಾರುವ ತೆಳು ಫೋಮ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ಇಷ್ಟು ದಪ್ಪ ದನಿಯನ್ನು ಅದು ಹೀರುವುದಿಲ್ಲ. ಪ್ಯಾನೆಲ್ ಇನ್ನೂ ಅದುರಿದರೆ, ಕಾರಿನ ಬಾಗಿಲೊಳಗೆ ಅಂಟಿಸುವ ಭಾರದ ಡ್ಯಾಂಪಿಂಗ್ ಶೀಟ್ ಒಂದು ತುಂಡು ಒಳಮಗ್ಗುಲಿಗೆ ಅಂಟಿಸಿ. ಕ್ಯಾಬಿನೆಟ್ ಮರದ ಮೇಜಿನ ಮೇಲಿದ್ದರೆ ಕಾಲುಗಳ ಕೆಳಗೂ ರಬ್ಬರ್ ಇಡಿ.

ಇದೆಲ್ಲ ಗುಂಯ್‌ಗುಡುವ ಸದ್ದಿಗೆ. ಟಕ್, ಟಕ್ ಅಂತ ಮತ್ತೆ ಮತ್ತೆ ಬಡಿದರೆ, ಕರಕರ ಕೆರೆದ ಹಾಗೆ ಕೇಳಿಸಿದರೆ ಯಾವ ರಿಪೇರಿಗೂ ಕೈ ಹಾಕಬೇಡಿ. ಮೊದಲು ನಿಮ್ಮ ಫೋಟೊ, ಫೈಲ್ ಎಲ್ಲ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಆಮೇಲೆ ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನುವ ಸಾಫ್ಟ್‌ವೇರ್ ತೆರೆದು ರೀಅಲೊಕೇಟೆಡ್ (ಕೆಟ್ಟು, ಬದಲಿ ಜಾಗ ಕೊಟ್ಟಿರುವ) ಮತ್ತು ಪೆಂಡಿಂಗ್ (ಕೆಟ್ಟಿರುವ ಅನುಮಾನವಿರುವ) ಸೆಕ್ಟರ್‌ಗಳ, ಅಂದರೆ ಡಿಸ್ಕ್‌ನ ಸಣ್ಣ ಭಾಗಗಳ, ಲೆಕ್ಕ ನೋಡಿ. ಅದು ಏರುತ್ತಾ ಹೋದರೆ ಆಗ ಡಿಸ್ಕ್ ಬದಲಾಯಿಸಿ.