ಅಜ್ಜನ ಕ್ಷೌರದ ಕತ್ತಿಗೆ ಗ್ರೈಂಡರ್ ಬೇಡ

ಅಜ್ಜನ ಸೋಲಿಂಗೆನ್ (ಕತ್ತಿಗಳಿಗೆ ಹೆಸರಾದ ಜರ್ಮನಿಯ ಊರು) ಕ್ಷೌರದ ಕತ್ತಿಗೆ ತುಕ್ಕು ಹಿಡಿದಿದೆ, ಗ್ರೈಂಡರ್‌ನಲ್ಲಿ ಉಜ್ಜಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಅದರ ಬಾಯಿ, ಅಂದರೆ ಹರಿತದ ಅಂಚು, ತುಂಬಾ ತೆಳು, ಗ್ರೈಂಡರ್ ಬಿಸಿಗೆ ಕ್ಷಣದಲ್ಲಿ ಉಕ್ಕಿನ ಹದ ಹೋಗುತ್ತದೆ, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.

ಮೊದಲು ಬೆಳಕಿಗೆ ಹಿಡಿದು ನೋಡಿ. ಬಿರುಕಿದ್ದರೆ ನೆನಪಿಗೆ ಇಟ್ಟುಕೊಳ್ಳಿ, ಮುಖಕ್ಕೆ ಬೇಡ. ತುಕ್ಕಿನ ಗುಳಿ ಬಾಯಿಯವರೆಗೆ ಬಂದಿದ್ದರೂ ಕಷ್ಟ, ಅಲ್ಲೇ ಚೂರು ಚೂರು ಉದುರುತ್ತದೆ. ಬೆನ್ನಿನ (ಬಾಯಿಗೆ ಎದುರಿನ ದಪ್ಪ ಅಂಚಿನ) ಹತ್ತಿರದ ಕಪ್ಪು ಕಲೆಗಳನ್ನು ಸುಮ್ನೆ ಬಿಟ್ಟುಬಿಡಿ.

ತುಕ್ಕಿಗೆ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಆಮೇಲೆ ಅಲಗನ್ನು ಹಲಗೆ ಮೇಲೆ ಮಲಗಿಸಿ, 1000, 2000 ನಂಬರಿನ ವಾಟರ್ ಪೇಪರ್‌ನಿಂದ (ನೀರು ಹಾಕಿ ಉಜ್ಜುವ ಉಪ್ಪು ಕಾಗದ, ನಂಬರ್ ಹೆಚ್ಚಿದಷ್ಟೂ ನಯ) ನಿಧಾನವಾಗಿ ಉಜ್ಜಿ, ಬೆರಳು ಬಾಯಿಗೆ ಎದುರಾಗಿ ಹೋಗಬಾರದು. ಚಿನ್ನದ ಬಣ್ಣದ ಅಕ್ಷರಗಳಿದ್ದರೆ ಮುಟ್ಟಬೇಡಿ, ಬೇಗ ಅಳಿಸಿಹೋಗುತ್ತವೆ.

ಮಸೆಯುವಾಗ ಕೋನದ ಚಿಂತೆ ಬೇಡ. ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿರಲಿ, ಆ ದಪ್ಪ ಬೆನ್ನು ಇರುವುದೇ ಅದಕ್ಕೆ. ಜಾಸ್ತಿ ಒತ್ತಬೇಡಿ. 1000 ನಂಬರಿನ ಮಸೆಯುವ ಕಲ್ಲಿನಲ್ಲಿ ಎರಡೂ ಮಗ್ಗುಲು ತುದಿಯಲ್ಲಿ ಪೂರ್ತಿ ಸೇರುವವರೆಗೆ ಮುಂದಿನ ಕಲ್ಲಿಗೆ ಹೋಗಲೇಬೇಡಿ, ಹೊಸಬರು ಅವಸರ ಮಾಡುವುದು ಇಲ್ಲೇ. ನಂತರ ಇನ್ನೂ ನಯವಾದ 4000, 8000ದ ಕಲ್ಲು, ಕೊನೆಗೆ ಚರ್ಮದ ಪಟ್ಟಿ. ಪಟ್ಟಿಯ ಮೇಲೆ ಮಾತ್ರ ಬೆನ್ನು ಮುಂದಿರಬೇಕು, ಇಲ್ಲದಿದ್ದರೆ ಚರ್ಮವೇ ಕತ್ತರಿಸಿಹೋಗುತ್ತದೆ.